ನೇರಳೆಯ ಎಡಸುತ್ತು

ಆ ಊರಿನಲ್ಲಿ ಜನರಿಗೆ ಹೆಸರಿರಲಿಲ್ಲ, ಕಸುಬಿತ್ತು. ಹಾಲು ಹಾಕುವವಳು ಹಾಲಿನವಳು, ಹೂ ಕಟ್ಟುವವಳು ಹೂವಿನವಳು. ಕಸುಬು ಕಲಿಯುವ ತನಕ ಮಕ್ಕಳೆಲ್ಲ ಬರಿಯ ಕೂಸುಗಳು. ಹೆಸರು ಇದ್ದದ್ದು ಹೆಣ್ಣು ಪ್ರಾಣಿಗಳಿಗೆ ಮಾತ್ರ. ಹಸುವಿಗೆ, ಎಮ್ಮೆಗೆ, ಆಡಿಗೆ, ಹೆಣ್ಣುನಾಯಿಗೆ, ಮೊಟ್ಟೆಯಿಡುವ ಕೋಳಿಗೆ ಕೂಡ. ಯಾಕೆಂದರೆ ಹೆಸರಿದ್ದದ್ದನ್ನು ಮಾತ್ರ ಹಿಂದಕ್ಕೆ ಕರೆಯಬಹುದು. ಆ ಊರಿನವರು ಹೆಣ್ಣು ಪ್ರಾಣಿಗಳನ್ನು ಮುಪ್ಪಿನಿಂದ ಹಿಂದಕ್ಕೆ ಕರೆಯುತ್ತಿದ್ದರು.

ಊರ ನಡುವೆ ಒಂದು ಕಲ್ಲುಗಾಣ. ಅದರ ಒರಳಿಗೆ ಯಾರೂ ಎಳ್ಳು ಹಾಕಿದವರಲ್ಲ, ಕೊಬ್ಬರಿ ಹಾಕಿದವರಲ್ಲ. ಬೇರೆ ಊರಿನ ಗಾಣ ಬಲಕ್ಕೆ ತಿರುಗಿದರೆ ಇದು ಎಡಕ್ಕೆ ತಿರುಗುತ್ತಿತ್ತು. ಪ್ರಾಣಿಗೆ ಬೆದೆ ನಿಂತು ಮನೆಯ ದಾರಿ ಮರೆತುಹೋದಾಗ ಅದನ್ನು ತಂದು ಗಾಣದ ನೊಗಕ್ಕೆ ಕಟ್ಟುತ್ತಿದ್ದರು. ಕೋಳಿಯಾದರೆ ನೊಗದ ಮೇಲೆ ಕೂರಿಸಿ ಯಾರಾದರೂ ತಳ್ಳುತ್ತಿದ್ದರು. ಗಾಣದಜ್ಜಿ ಪ್ರಾಣಿಯ ಎದುರು ನಿಂತು, ಅದರ ಕಣ್ಣಲ್ಲಿ ಕಣ್ಣಿಟ್ಟು, ತಾನು ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ, ಒಂದು ಸುತ್ತಿಗೆ ಒಂದು ವರ್ಷವನ್ನು ಹೇಳುತ್ತಿದ್ದಳು. ಹೇಳಿದ್ದನ್ನು ಅಳಿಸುತ್ತಿದ್ದಳು.

"ಆ ವರ್ಷ ಅವಳಿ ಮರಿ ಹಾಕಿದೆ. ಹಾಕಲಿಲ್ಲ. ಆ ವರ್ಷ ಕಾಲು ಮುರಿಯಿತು. ಮುರಿಯಲಿಲ್ಲ."

ಹೀಗೆ ಸುತ್ತು ಸುತ್ತಿಗೂ ಒಂದೊಂದು ವರ್ಷ ಉದುರಿ, ಸಂಜೆಯ ಹೊತ್ತಿಗೆ ಮುದಿ ಆಡು ಪಡ್ಡೆಯಾಗಿ ನೆಗೆಯುತ್ತ ಗಾಣ ಇಳಿಯುತ್ತಿತ್ತು. ಬೆದೆ ಮರಳುತ್ತಿತ್ತು. ಬುದ್ಧಿ ತೊಳೆದಿಟ್ಟ ಚೊಂಬಿನಂತೆ ಹೊಳೆಯುತ್ತಿತ್ತು. ಏನನ್ನೂ ಹಾಕದ ಒರಳಿನ ತಳದಲ್ಲಿ ಮಾತ್ರ ಒಂದಿಷ್ಟು ಎಣ್ಣೆ ನಿಂತಿರುತ್ತಿತ್ತು, ಕಪ್ಪಗೆ, ಬೆಚ್ಚಗೆ. ಅದನ್ನು ಹೊತ್ತು ಮುಳುಗುವ ಮುಂಚೆ ಗಡಿಕಲ್ಲಿನ ಮೇಲೆ ಸುರಿದು ಬರಬೇಕು. ಮೂಸಬಾರದು, ಮನೆಗೆ ತರಬಾರದು. ಅಳಿಸಿದ ವರ್ಷವನ್ನು ಮತ್ತೆ ಯಾರೂ ಬಾಯಿಬಿಟ್ಟು ಹೇಳಬಾರದು, ಹೇಳಿದ ನಾಲಿಗೆ ಸೇದಿಹೋಗುತ್ತದೆ ಎಂದು ನಂಬಿಕೆ.

'ಬೆದೆಯೂ ನೆನಪೂ ಒಂದೇ ಹಗ್ಗದ ಎರಡು ತುದಿ, ಒಂದು ಸಡಿಲಿದರೆ ಇನ್ನೊಂದೂ ಸಡಿಲ' ಎಂಬುದು ಆ ಊರಿನ ಗಾದೆ. ಹೋರಿಗೆ, ಕೋಣಕ್ಕೆ, ಹೋತಕ್ಕೆ ಗಾಣವಿಲ್ಲ. ಗಂಡಿಗೆ ಮುಪ್ಪಾದರೆ ಅದೊಂದಕ್ಕೇ ಮುಪ್ಪು, ಹೆಣ್ಣಿಗೆ ಮುಪ್ಪಾದರೆ ಮನೆಗೇ ಮುಪ್ಪು ಎನ್ನುತ್ತಿದ್ದರು. ಆದ್ದರಿಂದ ಆ ಬೀದಿಗಳಲ್ಲಿ ತಾಯಿ ಆಡು ಕುಣಿಯುತ್ತ ಮುಂದೆ ಹೋದರೆ ಮಗಳು ಆಡು ಮಂಡಿ ಹಿಡಿದುಕೊಂಡು ಹಿಂದೆ ಬರುತ್ತಿತ್ತು. ಮಗಳು ಕರೆದರೆ ತಾಯಿ ತಿರುಗಿ ನೋಡುತ್ತಿರಲಿಲ್ಲ. ಅದನ್ನು ಯಾರೂ ವಿಚಿತ್ರವೆಂದುಕೊಳ್ಳಲಿಲ್ಲ.

ಹಾಲಿನವಳಿಗೆ ನೇರಳೆ ಎಂಬ ಒಂದು ಎಮ್ಮೆ ಇತ್ತು.

ಇತ್ತು ಎಂದರೆ ಸಾಲದು. ಹಾಲಿನವಳು ಹಾಲಿನವಳಾದದ್ದೇ ನೇರಳೆಯಿಂದ. ಬಂಡಿ ಹೊಡೆಯುವ ಗಂಡ ಬಸುರಿಯಾದ ಅವಳನ್ನು ಬಿಟ್ಟು ಬಂಡಿಯ ಜೊತೆಗೇ ಎತ್ತಲೋ ಹೋದ ಮೇಲೆ, ಕಂಡವರ ಮನೆಯ ಸಗಣಿ ಬಾಚುತ್ತಿದ್ದವಳು ಇನ್ನೂ ಈಯದ ಒಂದು ಬಡಕಲು ಮಣಕವನ್ನು ಕೂಲಿಯ ಬದಲಿಗೆ ಕೇಳಿ ಪಡೆದಿದ್ದಳು. "ಮಣಕ ಸಾಯ್ತದೆ, ನೀನೂ ಸಾಯ್ತೀಯ" ಎಂದಿದ್ದರು. ಎರಡೂ ಆಗಲಿಲ್ಲ. ತಾನು ಗಂಜಿ ಕುಡಿದು ಅದಕ್ಕೆ ಹಿಂಡಿ ತಿನ್ನಿಸಿದಳು. ಬೀದಿಯ ಚೊಂಬುಗಳೆಲ್ಲ ಅವಳ ಬಾಗಿಲಿಗೆ ಬಂದವು. ಅವಳ ಕೊಟ್ಟಿಗೆಯ ಗೋಡೆಯ ಪ್ರತಿ ಇಟ್ಟಿಗೆಯೂ ನೇರಳೆಯ ಹಾಲಿನಲ್ಲಿ ಕಲಸಿದ್ದು ಎಂದು ಅವಳೇ ಹೇಳುತ್ತಿದ್ದಳು. ಯಾರ ಮನೆಗೂ ಹೋಗಿ ಒಂದು ಹಿಡಿ ಉಪ್ಪು ಕೇಳಿದವಳಲ್ಲ. ಒಂದು ಹನಿ ಏನನ್ನೂ ನೆಲಕ್ಕೆ ಚೆಲ್ಲಿದವಳಲ್ಲ.

ಅವಳು ಚೆಲ್ಲುತ್ತಿದ್ದುದು ಒಂದೇ ಜಾಗದಲ್ಲಿ. ಕೊಟ್ಟಿಗೆಯ ಹಿಂದೆ, ಹೊಂಗೆಯ ಕೆಳಗೆ, ಮಣ್ಣಲ್ಲಿ ಅರ್ಧ ಹೂತ ಒಂದು ಗುಂಡುಕಲ್ಲಿತ್ತು. ನೇರಳೆ ಈದಾಗಲೆಲ್ಲ ಗಿಣ್ಣು ಕಾಯಿಸಿ ಮೊದಲ ತುಣುಕನ್ನು ಅವಳು ಆ ಕಲ್ಲಿನ ಮೇಲಿಡುತ್ತಿದ್ದಳು. ಆ ಕಲ್ಲಿನ ಕೆಳಗೆ ಅವಳ ಕೂಸಿತ್ತು. ಒಂದು ಮಳೆಗಾಲ ಕಂಡು, ಎದೆ ಕಟ್ಟಿ, ಹೋದ ಹೆಣ್ಣು ಕೂಸು. ಕಸುಬು ಕಲಿಯುವ ಮುಂಚೆ ಹೋಯಿತಾದ್ದರಿಂದ ಅದನ್ನು ಕರೆಯಲು ಒಂದು ಶಬ್ದವೂ ಇರಲಿಲ್ಲ. ಅದು ಇದ್ದಷ್ಟು ದಿನ, ಹಾಲು ಕರೆಯುವಾಗ ಅವಳು ಅದನ್ನು ಗೋದಲಿಯ ಹುಲ್ಲಿನ ಮೇಲೆ ಮಲಗಿಸುತ್ತಿದ್ದಳು. ನೇರಳೆ ಹುಲ್ಲನ್ನು ಬಿಟ್ಟು ಕೂಸಿನ ನೆತ್ತಿ ನೆಕ್ಕುತ್ತಿತ್ತು.

ಈಗ ನೇರಳೆಗೆ ಮುಪ್ಪು ಬಂದಿತ್ತು. ಬೆದೆ ನಿಂತು ಎಷ್ಟೋ ಕಾಲವಾಗಿತ್ತು. ಒಂದು ಮುಂಜಾನೆ ಹೂವಿನವಳು ಗೋಡೆಯಾಚೆಯಿಂದ ಕೂಗಿದಳು. ಅವಳು ಪಕ್ಕದ ಮನೆಯವಳು, ವಯಸ್ಸಿನಲ್ಲಿ ಕಿರಿಯಳು, ಬಾಯಲ್ಲಿ ಹಿರಿಯಳು.

"ಅಕ್ಕಾ, ನಿನ್ನ ಸವಾರಿ ನಮ್ಮ ಒಲೆ ಮುಂದೆ ಬಂದು ನಿಂತೈತೆ. ಮುದ್ದೆ ಬಡಿಸಲೋ, ಅನ್ನವೋ?"

"ಬಾಗಿಲು ತೆಗೆದಿಟ್ಟುಕೊಂಡು ಮಲಗೋ ಮನೆಗೆ ಎಮ್ಮೆ ಬರದೆ ಮದುವೆ ದಿಬ್ಬಣ ಬರ್ತದಾ?" ಎನ್ನುತ್ತ ಹಾಲಿನವಳು ಹಗ್ಗ ಹಿಡಿದು ಹೋದಳು. "ಬಾ ನೇರಳೆ."

ನೇರಳೆ ತಲೆಯೆತ್ತಿ ನೋಡಿತು. ಪರಸ್ಥಳದವಳನ್ನು ನೋಡುವಂತೆ ನೋಡಿ, ಕೊಂಬಿನಿಂದ ಅವಳ ಎದೆಯನ್ನು ಮೆಲ್ಲಗೆ ಆಚೆ ತಳ್ಳಿತು. ನೋವಾಗುವಷ್ಟೇನೂ ಅಲ್ಲ. ಬಾಗಿಲಲ್ಲಿ ನಿಂತ ಭಿಕ್ಷುಕಿಯನ್ನು 'ಮುಂದೆ ಹೋಗಮ್ಮ' ಎನ್ನುವಷ್ಟು.

ಹಾಲಿನವಳು ಆ ದಿನವೆಲ್ಲ ಊಟ ಮಾಡಲಿಲ್ಲ.

ಅವಳಿಗೂ ಮುಟ್ಟು ನಿಂತು ಕಾಲವಾಗಿತ್ತು. ಅವಳಿಗೂ ಮಾತಿನ ನಡುವೆ ಶಬ್ದಗಳು ಕೈಜಾರುತ್ತಿದ್ದವು. ಸೌಟು ಹಿಡಿದುಕೊಂಡು 'ಇದಕ್ಕೇನಂತಾರೆ' ಎಂದು ನಿಲ್ಲುತ್ತಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ. ಇನ್ನೊಬ್ಬರು ಎತ್ತಿ ಆಡುವ ಮುಂಚೆ ತಾನೇ ಜೋರಾಗಿ ಗದರಿ ಮಾತು ಮುಗಿಸುವುದನ್ನು ಕಲಿತಿದ್ದಳು. ತನ್ನನ್ನು ತಾನು ಮರೆಯುವುದನ್ನು ಅವಳು ಸಹಿಸಬಲ್ಲಳು. ನೇರಳೆ ತನ್ನನ್ನು ಮರೆಯುವುದನ್ನು ಸಹಿಸಲಾರಳು.

ಗಾಣದಜ್ಜಿ ಗಾಣದ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಬಾ ಹಾಲಿನವಳೇ. ತಡವಾಯಿತು ಅಂದುಕೊಂಡೆ. ಊರಿನ ಎಲ್ಲ ಎಮ್ಮೆ ಸುತ್ತು ಹಾಕಿ ಹೋದವು, ನಿನ್ನದೊಂದೇ ಬಾಕಿ."

"ಸುತ್ತು ಹಾಕಿಸಿದರೆ ಅದಕ್ಕೆ ನನ್ನ ಗುರುತು ಬರ್ತದಾ ಅಜ್ಜೀ?"

"ಬುದ್ಧಿ ಬರ್ತದೆ. ಬೆದೆ ಬರ್ತದೆ. ಗುರುತು ಎಲ್ಲಿಂದ ಬರಬೇಕು? ನಿನ್ನ ಜೊತೆಗಿದ್ದ ವರ್ಷಗಳೆಲ್ಲ ಅಳಿಸಿದ ಮೇಲೆ ನೀನು ಯಾರೋ. ಮತ್ತೆ ಹೊಸದಾಗಿ ಹಿಂಡಿ ಹಾಕು, ಹೊಸದಾಗಿ ಒಗ್ಗಿಸು."

"ಹಾಗಾದರೆ ನಡುವೆ ನಿಲ್ಲಿಸ್ತೀನಿ. ಅದು ನನ್ನ ಮನೆಗೆ ಬಂದ ವರ್ಷ ಒಂದನ್ನು ಉಳಿಸಿಕೊಳ್ತೀನಿ. ಅಷ್ಟಿದ್ದರೆ ಸಾಕು. ಮೊದಲ ವರ್ಷ ನನ್ನನ್ನು ಕಂಡವರು ಆಮೇಲೆ ಬಿಟ್ಟಿಲ್ಲ."

"ಗಂಡ?" ಎಂದಳು ಅಜ್ಜಿ.

"ಎಮ್ಮೆ ಮಾತು ಆಡು."

ಅಜ್ಜಿ ನಕ್ಕು ಎಲೆಯನ್ನು ಬಾಯಿಗಿಟ್ಟಳು. "ನಡುವೆ ನಿಲ್ಲಿಸಿದವರು ಯಾರೂ ಇಲ್ಲ. ನಾನು ಹೇಳೋಕೆ ನಿಂತರೆ ಬುಡದ ತನಕ ಹೋಗ್ತೀನಿ, ನನಗೆ ಗೊತ್ತಿರೋದು ಅಷ್ಟೇ."

"ನೀನು ಹೇಳಬೇಡ. ನಾನೇ ಹೇಳ್ತೀನಿ."

ಅಜ್ಜಿಯ ಬಾಯಿ ನಿಂತಿತು. ಒಡತಿಯರು ತಾವೇ ಸುತ್ತು ಹೇಳುವ ವಾಡಿಕೆ ಆ ಊರಿನಲ್ಲಿರಲಿಲ್ಲ. ಅವರು ವರ್ಷಗಳನ್ನು ಅಜ್ಜಿಗೆ ಒಪ್ಪಿಸಿ ಕಟ್ಟೆಯ ಮೇಲೆ ಕೂರುತ್ತಿದ್ದರು. ಅಜ್ಜಿ ಅವನ್ನು ತಣ್ಣನೆಯ ದನಿಯಲ್ಲಿ, ಪರರ ಮನೆಯ ಅಕ್ಕಿ ಅಳೆದಂತೆ, ಹೇಳಿ ಮುಗಿಸುತ್ತಿದ್ದಳು.

"ಕೇಳಿಲ್ಲಿ. ನಿನ್ನ ವರ್ಷ ಬೇರೆ, ಅದರ ವರ್ಷ ಬೇರೆ. ಒಂದೇ ಮನೆಯಲ್ಲಿ ಬದುಕಿದ ಹೆಣ್ಣುಗಳ ವರ್ಷ ಅಕ್ಕಿ ನುಚ್ಚಿನ ಹಾಗೆ ಬೆರೆತಿರ್ತವೆ. ಕೇರಿ, ಆರಿಸಿ, ಅದರದ್ದನ್ನು ಮಾತ್ರ ತರಬೇಕು. ಗಾಣಕ್ಕೆ ಕಣ್ಣಿಲ್ಲ, ಬಾಯಿಗೆ ಬಂದದ್ದನ್ನೆಲ್ಲ ಅರೆಯುತ್ತದೆ. ನಿನಗೋ ಸೌಟಿನ ಹೆಸರೇ ನೆನಪಿಲ್ಲ ಅಂತ ಹೂವಿನವಳು ಹೇಳ್ತಿದ್ದಳು."

"ಹೂವಿನವಳ ಬಾಯಿಗೆ ಸೌಟು ಇಡ್ತೀನಿ," ಎಂದಳು ಹಾಲಿನವಳು. "ನಾನು ಯಾರನ್ನೂ ಕೇಳಿ ಕಲಿತವಳಲ್ಲ ಅಜ್ಜೀ. ಇದನ್ನೂ ಕೇಳಿ ಕಲಿಯೋದಿಲ್ಲ."

ಮಾರನೆಯ ದಿನ ಬಿಸಿಲು ಏರುವ ಮುಂಚೆ ನೇರಳೆಯನ್ನು ನೊಗಕ್ಕೆ ಕಟ್ಟಿದರು. ಹಾಲಿನವಳು ಸೆರಗು ಸಿಕ್ಕಿಸಿ, ಅದರ ಮುಖಕ್ಕೆ ಮುಖ ಕೊಟ್ಟು ನಿಂತಳು. ನೇರಳೆ ಅವಳನ್ನು ಯಾರೋ ಎಂಬಂತೆ ನೋಡುತ್ತಿತ್ತು. ಅವಳು ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಗಾಣ ನರಳಿತು. ಎಡಸುತ್ತು ಶುರುವಾಯಿತು.

"ಈ ವರ್ಷ ನೀನು ಮನೆ ಮರೆತೆ. ಮರೆಯಲಿಲ್ಲ."

ಒಂದು ಸುತ್ತು.

"ಆ ವರ್ಷ ಕರು ಹೊಟ್ಟೆಯಲ್ಲೇ ಹೋಯಿತು. ಹೋಗಲಿಲ್ಲ. ಆ ವರ್ಷ ಗೊರಸು ಕೊಳೆತು ನಿಂತಲ್ಲೇ ನಿಂತೆ. ನಿಲ್ಲಲಿಲ್ಲ."

ಇನ್ನೊಂದು ಸುತ್ತು. ಇನ್ನೊಂದು. ನೇರಳೆಯ ಬೆನ್ನಿನ ಮೂಳೆ ಒಳಗೆ ಇಳಿಯಿತು. ಮಾಸಿದ ಕೂದಲು ಮಿಂಚಿತು. ಬಿಸಿಲು ನೆತ್ತಿಗೆ ಬಂತು. ಹಿಂದಕ್ಕೆ ನಡೆಯುವವರಿಗೆ ಮುಂದಿರುವುದು ಕಾಣುತ್ತದೆ, ಹೋಗುವುದು ಎಲ್ಲಿಗೆಂದು ಕಾಣುವುದಿಲ್ಲ. ಹಾಲಿನವಳಿಗೆ ತಲೆ ಸುತ್ತತೊಡಗಿತು. ಬರಗಾಲದ ವರ್ಷ ಮೊದಲೋ, ಕೊಟ್ಟಿಗೆ ಕಟ್ಟಿಸಿದ ವರ್ಷ ಮೊದಲೋ? ಜ್ವರ ಬಂದು ಮೂಲೆ ಹಿಡಿದದ್ದು ನೇರಳೆಯೋ ತಾನೋ? ಮೇವಿಲ್ಲದೆ ಹೊಟ್ಟೆ ಬೆನ್ನಿಗೆ ಹತ್ತಿದ್ದು ಯಾರದು? ಹಗ್ಗ ಹರಿದುಕೊಂಡು ಹೋಗಿ ಮತ್ತೆ ತಾನೇ ಮರಳಿ ಬಂದವರು ಯಾರು? ಅವಳು ನಿಲ್ಲಲಿಲ್ಲ. ನಿಂತರೆ ಅಜ್ಜಿ ನಗುತ್ತಾಳೆ. ಕಟ್ಟೆಯ ಮೇಲೆ ಹೂವಿನವಳು ಮೊಳ ಹಾಕುತ್ತ ಕೂತಿದ್ದಾಳೆ.

"ಆ ವರ್ಷ ಜ್ವರ ಬಂತು. ಬರಲಿಲ್ಲ. ಆ ವರ್ಷ ಹಸಿವಾಯಿತು. ಆಗಲಿಲ್ಲ."

ಗಾಣ ನರಳುತ್ತಿತ್ತು. ಮೊದಲ ವರ್ಷಕ್ಕೆ ಒಂದೇ ಸುತ್ತು ಬಾಕಿ ಇತ್ತು. ಅಳಿಸಬೇಕಾದ ಆ ಎರಡನೆಯ ವರ್ಷ ನೇರಳೆಗೆ ಚೊಚ್ಚಲ ಕರು, ಅವಳಿಗೆ ಕೂಸು, ಒಂದೇ ಮಳೆಗಾಲದಲ್ಲಿ. ಕರು ಎನ್ನಬೇಕು ಎಂದು ಅವಳು ಬಾಯಿ ತೆರೆದಳು.

"ಆ ವರ್ಷ ಕೂಸು ಹುಟ್ಟಿತು," ಎಂದಳು. "ಹುಟ್ಟಲಿಲ್ಲ. ಮಳೆ ಹಿಡಿದು ಕೂಸಿಗೆ ಎದೆ ಕಟ್ಟಿತು. ಕಟ್ಟಲಿಲ್ಲ. ಹೊಂಗೆಯ ಕೆಳಗೆ ಇಟ್ಟು ಬಂದೆ. ಇಡಲಿಲ್ಲ."

ಕಟ್ಟೆಯ ಮೇಲೆ ಹೂವಿನವಳ ಕೈಯಿಂದ ದಾರದುಂಡೆ ಬಿತ್ತು. "ಅಕ್ಕಾ!" ಎಂದಳು. ಅಜ್ಜಿ ಅವಳ ಬಾಯಿಯ ಮೇಲೆ ಕೈಯಿಟ್ಟಳು. ಸುತ್ತು ಮುಗಿದುಹೋಗಿತ್ತು.

ಗಾಣ ನಿಂತಿತು. ನೊಗದ ಕೆಳಗೆ, ನೇರಳೆ ಹಣ್ಣಿನಂಥ ಮಣಕವೊಂದು ನಿಂತಿತ್ತು. ಅದು ಹಾಲಿನವಳನ್ನು ನೋಡಿತು. ಎರಡು ಹೆಜ್ಜೆ ಮುಂದೆ ಬಂದು, ಅವಳ ಸೊಂಟದಲ್ಲಿ ಸಿಕ್ಕಿಸಿದ ಸೆರಗಿಗೆ ಮೂತಿ ಹಾಕಿತು. ಅಲ್ಲಿ ಅವಳು ಹಿಂದೆ ಹಿಂಡಿಯ ಚೂರು ಕಟ್ಟಿಕೊಂಡಿರುತ್ತಿದ್ದಳು.

"ನೋಡಿ!" ಎಂದು ಹಾಲಿನವಳು ಕಟ್ಟೆಯ ಕಡೆ ತಿರುಗಿ ಕೂಗಿದಳು. "ಗುರುತು ಹಿಡಿಯಿತು! ನೋಡಿದಿರಾ?"

ಅಜ್ಜಿ ಮುಖ ತಿರುಗಿಸಿದಳು, ಹೂವಿನವಳು ಬಗ್ಗಿ ದಾರದುಂಡೆ ಎತ್ತಿಕೊಂಡಳು. ಹೊಟ್ಟೆಕಿಚ್ಚು ಎಂದುಕೊಂಡಳು ಹಾಲಿನವಳು. ಒರಳಿನ ತಳದ ಎಣ್ಣೆಯನ್ನು ಕುಡಿಕೆಗೆ ಬಳಿದುಕೊಂಡು ಗಡಿಕಲ್ಲಿನ ತನಕ ನಡೆದಳು. ಕುಡಿಕೆಯನ್ನು ಬಗ್ಗಿಸಲು ಹೋದಳು. ಕೈ ಬಗ್ಗಲಿಲ್ಲ. ನನ್ನ ಎಮ್ಮೆ ಹಿಂಡಿದ ಎಣ್ಣೆ, ಕಲ್ಲಿಗೆ ಯಾಕೆ ಕುಡಿಸಲಿ, ಅದೇನು ನನಗೆ ಒಂದು ದಿನ ಗಂಜಿ ಹಾಕಿದೆಯೇ ಎಂದು ಕುಡಿಕೆಯ ಬಾಯಿಗೆ ಬಟ್ಟೆ ಕಟ್ಟಿ, ಸೆರಗಿನಲ್ಲಿ ಮುಚ್ಚಿಕೊಂಡು ತಂದು ಅಟ್ಟದ ಮೇಲಿಟ್ಟಳು.

ನೇರಳೆ ಸೊಗಸಾಗಿ ಮೇಯಿತು. ಕೊಟ್ಟಿಗೆಯ ದಾರಿಯನ್ನು ಕಣ್ಣು ಮುಚ್ಚಿ ಹಿಡಿಯುತ್ತಿತ್ತು. ಹೆಸರು ಕರೆದರೆ ಅರ್ಧ ಹುಲ್ಲು ಬಾಯಲ್ಲಿಟ್ಟುಕೊಂಡು ಓಡಿಬರುತ್ತಿತ್ತು. ಬೆದೆ ಬಂತು, ಕೋಣನ ಬಳಿ ಹೋಯಿತು, ಗಬ್ಬ ನಿಂತಿತು. ಹಾಲಿನವಳಿಗೂ ಏನೋ ಆಯಿತು. ಬೈತಲೆಯ ಬುಡದಲ್ಲಿ ಕಪ್ಪು ಕೂದಲು ಹುಟ್ಟಿತು. ಸೌಟಿನ ಹೆಸರು ನೆನಪಾಯಿತು. ಒಂದು ಬೆಳಿಗ್ಗೆ ಹೊಟ್ಟೆ ಹಿಂಡಿದಂತಾಗಿ ಎದ್ದು ನೋಡಿದರೆ ನಿಂತಿದ್ದ ಮುಟ್ಟು ಬಂದಿತ್ತು. ಹಳೆಯ ಬಟ್ಟೆಗೆ ಪೆಟ್ಟಿಗೆ ತಡಕಬೇಕಾಯಿತು. ನಾಚಿಕೆಯೂ ನಗುವೂ ಒಟ್ಟಿಗೆ ಬಂದವು.

ಆದರೆ ಸಂಜೆಯಾದರೆ ನೇರಳೆ ಕೂಗುತ್ತಿತ್ತು.

ಬೆದೆಯ ಕೂಗಲ್ಲ, ಹಸಿವಿನ ಕೂಗಲ್ಲ. ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಗೋದಲಿಯ ಹುಲ್ಲನ್ನು ಮೂತಿಯಿಂದ ಕೆದಕುತ್ತಿತ್ತು. ಈ ಮೂಲೆ ಕೆದಕಿ, ಆ ಮೂಲೆ ಕೆದಕಿ, ಹುಲ್ಲನ್ನೆಲ್ಲ ನೆಲಕ್ಕೆ ಬೀಳಿಸಿ, ಖಾಲಿ ಗೋದಲಿಯ ಕಲ್ಲನ್ನು ನೆಕ್ಕುತ್ತಿತ್ತು. ನೆಕ್ಕಿ ನೆಕ್ಕಿ, ಕತ್ತು ಹಿಂದಕ್ಕೆ ತಿರುಗಿಸಿ, ಹೊಂಗೆಯ ಕಡೆ ಮುಖ ಮಾಡಿ ಕೂಗುತ್ತಿತ್ತು. ಉದ್ದನೆಯ, ಕೊನೆಗೆ ಪ್ರಶ್ನೆಯಂತೆ ಮೇಲಕ್ಕೇರುವ ಕೂಗು. ಚೊಚ್ಚಲ ಕರುವಿನ ವರ್ಷ ಅದಕ್ಕೆ ಅಳಿಸಿರಲಿಲ್ಲ, ಅದರ ಬುದ್ಧಿಯೂ ಎಳೆಯದಾಗಿತ್ತು. ಎಳೆಯ ಬುದ್ಧಿಗೆ ಎಲ್ಲವೂ ನಿನ್ನೆ ಸಂಜೆ ನಡೆದದ್ದು.

"ಏನಾಯಿತೇ ನಿನಗೆ? ಯಾರನ್ನು ಕರೀತೀಯ?" ಎಂದು ಹಾಲಿನವಳು ಕತ್ತು ತೀಡುವಳು. ಆ ಕೂಗು ಕೇಳಿದಾಗಲೆಲ್ಲ ಅವಳ ಎದೆ ಬಿಗಿಯುತ್ತಿತ್ತು, ತೊಟ್ಟು ಉರಿಯುತ್ತಿತ್ತು. ಯಾಕೆಂದು ತಿಳಿಯುತ್ತಿರಲಿಲ್ಲ. ಏನನ್ನೋ ತರಲು ಒಳಗೆ ಹೋಗಿ ಏನೆಂದು ಮರೆತವಳಂತೆ ಅವಳು ಅಂಗಳದ ನಡುವೆ ನಿಲ್ಲುತ್ತಿದ್ದಳು. ನೆನಪು ಚೂಪಾಗಿತ್ತು. ಆದರೆ ಚೂಪಾದ ಚೂರಿಗೆ ಕೊಯ್ಯಲು ಏನೂ ಸಿಗುತ್ತಿರಲಿಲ್ಲ.

ದಿನ ತುಂಬಿ ನೇರಳೆ ಈದಿತು. ಹೆಣ್ಣು ಕರು. ಹಾಲಿನವಳು ಗಿಣ್ಣು ಕಾಯಿಸಿ, ಬೆಲ್ಲ ಏಲಕ್ಕಿ ಹಾಕಿ, ಬಟ್ಟಲಲ್ಲಿ ಹೂವಿನವಳಿಗೆ ಕೊಟ್ಟಳು. ಹೂವಿನವಳು ಬಟ್ಟಲು ಹಿಡಿದು ನಿಂತೇ ಇದ್ದಳು.

"ಅಕ್ಕಾ, ಮೊದಲ ತುಣುಕು?"

"ಯಾವ ಮೊದಲ ತುಣುಕು?"

"ಇಲ್ಲ. ಏನಿಲ್ಲ."

"ನುಂಗಬೇಡ, ಉಗುಳು. ಸಿಹಿ ಕಡಿಮೆಯಾ?"

"ಸಿಹಿ ಸರಿಯಾಗೈತೆ ಅಕ್ಕಾ," ಎಂದು ಹೂವಿನವಳು ಮುಖ ತಿರುಗಿಸಿಕೊಂಡು ಹೋದಳು. ಗಿಣ್ಣು ತಿನ್ನುವ ಸದ್ದು ಗೋಡೆಯಾಚೆಯಿಂದ ಬರಲಿಲ್ಲ.

ಕರುವಿಗೆ ಒಂದು ಹೊಸ ಗೂಟ ಬೇಕಿತ್ತು. ಹಾಲಿನವಳು ಗೂಟ ಚೂಪು ಮಾಡಿ ತಂದಳು. ಬಡಿಯಲು ಏನಾದರೂ ಬೇಕಲ್ಲ ಎಂದು ಸುತ್ತ ನೋಡಿದಳು. ಹೊಂಗೆಯ ಕೆಳಗೆ, ಕೈಗೆ ಹೇಳಿ ಮಾಡಿಸಿದಂಥ ಒಂದು ಗುಂಡುಕಲ್ಲು ಕಂಡಿತು. ಮೇಲೆ ಏನೋ ಜಿಡ್ಡು ಕಟ್ಟಿ ಕಪ್ಪಾಗಿತ್ತು. ಮಣ್ಣಿಂದ ಅಲುಗಾಡಿಸಿ ಕಿತ್ತು ತಂದು, ಗೂಟದ ತಲೆಯ ಮೇಲೆ ಎತ್ತಿ ಹೊಡೆದಳು.

ನೇರಳೆ ಕಣ್ಣಿ ಹರಿದುಕೊಂಡಿತು. ಕೊಟ್ಟಿಗೆಯ ಕಂಬ ಅದುರಿತು. ಅದು ನುಗ್ಗಿ ಬಂದು ಅವಳ ಮುಂದೆ, ಗೂಟಕ್ಕೂ ಕಲ್ಲಿಗೂ ನಡುವೆ, ತಲೆ ಬಗ್ಗಿಸಿ ನಿಂತಿತು. ಗುರುತಿಲ್ಲದ ನೋಟವಲ್ಲ ಅದು. ಚೆನ್ನಾಗಿ ಗುರುತಿದ್ದವರನ್ನು ನೋಡುವ ನೋಟ.

"ಕಲ್ಲು ಕೆಳಗಿಡಕ್ಕಾ!" ಹೂವಿನವಳು ಗೋಡೆ ಹಾರಿ ಬಂದಿದ್ದಳು.

"ಯಾಕೆ? ನಿಮ್ಮಪ್ಪನದಾ?"

"ನಿನ್ನದು."

"ನನ್ನದಾದರೆ ಏನಾದರೂ ಮಾಡ್ತೀನಿ, ನಿನಗೇನು?"

ಹೂವಿನವಳು ಬಾಯಿ ತೆರೆದಳು, ಮುಚ್ಚಿದಳು. ನಾಲಿಗೆಯ ಮೇಲೆ ಆಸೆ ಇರುವ ಹೆಂಗಸು ಅವಳು. ಕೊನೆಗೆ ಅಳುತ್ತ, ಹಾಲಿನವಳ ಕೈಯಿಂದ ಕಲ್ಲನ್ನು ಬಿಡಿಸಿಕೊಂಡು, ತನ್ನ ಮಡಿಲಲ್ಲಿಟ್ಟುಕೊಂಡು, ಸೆರಗಿನ ತುದಿಯಿಂದ ಅದರ ಮಣ್ಣನ್ನು ಒರೆಸತೊಡಗಿದಳು. ಮೂಗು ಬಾಯಿ ಇದ್ದದ್ದನ್ನು ಒರೆಸುವಂತೆ ಒರೆಸಿದಳು.

ಹಾಲಿನವಳು ಅದನ್ನು ನೋಡಿದಳು. ನೋಡಿ, ಕೆಳಗೆ ಕೂತಳು.

ಗಾಣದಜ್ಜಿಯ ಎದುರು ನಿಂತಾಗ ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ. "ನನ್ನದೇನೋ ಹೋಗಿದೆ. ಏನು ಹೇಳು."

"ಹೇಳುವಂತಿಲ್ಲ."

"ಒಳ್ಳೆಯದಾ, ಕೆಟ್ಟದ್ದಾ? ಅಷ್ಟಾದರೂ ಹೇಳು."

"ಇಲ್ಲದಿದ್ದರೆ ಸುಖವಾಗಿರ್ತೀಯ, ಅಂಥದ್ದು. ಕೂದಲು ಕಪ್ಪಾಗಿದೆ, ಎಮ್ಮೆ ಗುರುತು ಹಿಡಿದಿದೆ. ಕೇಳಿದ್ದು ಸಿಕ್ಕಿತಲ್ಲ ಹಾಲಿನವಳೇ, ಹೊತ್ತುಕೊಂಡು ಮನೆಗೆ ಹೋಗು."

"ನನ್ನ ಎಮ್ಮೆಗೆ ಗೊತ್ತಿರೋ ನನ್ನ ವಿಷಯ ನನಗೆ ಗೊತ್ತಿಲ್ಲ ಅಜ್ಜೀ. ಇದ್ಯಾವ ಸುಖ?"

ಅಜ್ಜಿ ಇನ್ನೊಂದು ಎಲೆಗೆ ಸುಣ್ಣ ಹಚ್ಚತೊಡಗಿದಳು.

"ಎಣ್ಣೆ ನಾನು ಚೆಲ್ಲಿಲ್ಲ," ಎಂದಳು ಹಾಲಿನವಳು.

ಅಜ್ಜಿ ಕಟ್ಟೆಯಿಂದ ಎದ್ದು ನಿಂತಳು. "ಅದು ಬೆರೆತ ಎಣ್ಣೆ. ನಿನ್ನದು ಒಂದು ಪಾಲು, ಅದರದ್ದು ಉಳಿದ ಪಾಲೆಲ್ಲ. ಬಿಡಿಸಿ ಕೊಡೋಕೆ ನನ್ನ ಕೈಲಾಗದು. ಹಚ್ಚಿಕೊಂಡರೆ ಎಲ್ಲ ಬರ್ತದೆ. ಮುಪ್ಪು ಬರ್ತದೆ, ಅದರ ಮುಪ್ಪೂ ನಿನ್ನ ಮೇಲೇ. ಯಾವುದು ನಿನ್ನದು ಯಾವುದು ಎಮ್ಮೆಯದು ಅಂತ ಸಾಯೋ ತನಕ ತಿಳಿಯೋದಿಲ್ಲ."

"ನನ್ನ ಮನೆಯ ಒಂದು ಹಿಡಿ ಬೂಸಾ ಯಾರೂ ಕೊಟ್ಟದ್ದಲ್ಲ," ಎಂದಳು ಹಾಲಿನವಳು. "ನೋವಿದ್ದರೆ ಅದೂ ನಾನೇ ದುಡಿದದ್ದು."

ಮನೆಗೆ ಬಂದು ಅಟ್ಟದಿಂದ ಕುಡಿಕೆ ಇಳಿಸಿದಳು. ಇಷ್ಟು ಕಾಲವಾದರೂ ಎಣ್ಣೆ ಬೆಚ್ಚಗೇ ಇತ್ತು. ಕೊಟ್ಟಿಗೆಯ ಹೊಸ್ತಿಲಲ್ಲಿ ಕೂತು, ಅಂಗೈಗೆ ಸುರಿದುಕೊಂಡು, ನೆತ್ತಿಯ ಮೇಲಿಟ್ಟು ಒತ್ತಿದಳು.

ಮೊದಲು ಬಂದದ್ದು ನೊಣ. ಬೆನ್ನಿನ ಮೇಲೆ, ಓಡಿಸಲು ಬಾಲವಿಲ್ಲದ ಕಡೆ. ಆಮೇಲೆ ಮೇವಿಲ್ಲದ ಬೇಸಿಗೆ, ಕೊಳೆತ ಗೊರಸಿನ ಚುಚ್ಚು. ಆಮೇಲೆ ಕರುಗಳು ಬಂದವು. ಒಂದರ ಹಿಂದೆ ಒಂದು, ಒದ್ದೆಯಾಗಿ, ನಡುಗುತ್ತ, ಎಲ್ಲವೂ ಅವಳ ಹೊಟ್ಟೆಯಿಂದಲೇ ಇಳಿದಂತೆ. ಒಂದೊಂದರ ವಾಸನೆಯೂ ಅವಳಿಗೆ ಗೊತ್ತಿತ್ತು. ಒಂದೊಂದರ ಕೊರಳಿಗೂ ಯಾರೋ ಹಗ್ಗ ಹಾಕಿ ಸಂತೆಗೆ ಎಳೆದೊಯ್ಯುತ್ತಿದ್ದರು. ಗೂಟದಲ್ಲಿ ನಿಂತು ಅವಳು ಜಗ್ಗಿದಳು, ಕೂಗಿದಳು. ಹಗ್ಗ ಹಿಡಿದು ಹೋಗುತ್ತಿದ್ದ ಹೆಂಗಸು ಬಾಗಿಲ ಬಳಿ ಒಮ್ಮೆ ತಿರುಗಿದಳು. ಸೊಂಟದಲ್ಲಿ ಸಿಕ್ಕಿಸಿದ ಸೆರಗು. ಗಟ್ಟಿ ದವಡೆ. ಆ ಮುಖ ತನ್ನದೇ.

ಕೈ ತೆಗೆಯಬೇಕೆನ್ನಿಸಿತು. ತೆಗೆಯಲಿಲ್ಲ. ಇನ್ನೂ ಒತ್ತಿದಳು.

ಎಲ್ಲದರ ಕೊನೆಗೆ, ಅಂಗೈಯ ಅಡಿಯಲ್ಲಿ, ತನ್ನ ನೆತ್ತಿಯಲ್ಲದ ಇನ್ನೊಂದು ನೆತ್ತಿ ಮಿಡಿಯಿತು. ಮೂಳೆ ಇನ್ನೂ ಕೂಡದ, ಎಣ್ಣೆ ಇಟ್ಟರೆ ಒಳಗೆ ಇಳಿದು ಮೇಲೆ ಏಳುವ, ಒಂದು ಮಳೆಗಾಲದ ಮೆತ್ತನೆಯ ನೆತ್ತಿ.

ಅವಳು ಎದ್ದಾಗ ಮಂಡಿ ನೆಟಿಗೆ ಮುರಿಯಿತು. ಬೈತಲೆ ಪೂರ್ತಿ ಬೆಳ್ಳಗಾಗಿತ್ತು. ಹೂವಿನವಳು ಇನ್ನೂ ಹೊಂಗೆಯ ಕೆಳಗೆ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹಾಲಿನವಳು ಕೈ ಚಾಚಿದಳು. ಹೂವಿನವಳು ಅವಳ ಮುಖ ನೋಡಿ, ಏನೂ ಕೇಳದೆ, ಎತ್ತಿ ಕೊಟ್ಟಳು.

"ಹೊಡೆದಾಗ ಒಂದು ಚಕ್ಕೆ ಹಾರಿದೆ ಅಕ್ಕಾ," ಎಂದಳು. "ಹುಡುಕಿದೆ. ಸಿಗಲಿಲ್ಲ."

ಹಾಲಿನವಳು ಹೊಸ ಗೂಟವನ್ನು ಕಿತ್ತೆಸೆದಳು. ಕಲ್ಲನ್ನು ಅದರ ಗುಂಡಿಯಲ್ಲಿಟ್ಟು ಮಣ್ಣು ಒತ್ತಿದಳು. ಉಳಿದ ಗಿಣ್ಣಿನಿಂದ ಒಂದು ತುಣುಕು ಮುರಿದು ಮೇಲಿಟ್ಟಳು. ಕಣ್ಣಿಯಿಲ್ಲದ ನೇರಳೆ ಬಂದು ಪಕ್ಕದಲ್ಲಿ ನಿಂತಿತು, ಅದರ ಹೊಟ್ಟೆಯ ಕೆಳಗೆ ಕರು. ಅವಳು ನೇರಳೆಯ ಎದುರು ನಿಂತು, ಅದರ ಕಣ್ಣಲ್ಲಿ ಕಣ್ಣಿಟ್ಟಳು. ಅದು ಇನ್ನೂ ತನ್ನನ್ನು ಗುರುತಿಸುತ್ತದೆಯೋ, ಹಗ್ಗ ಹಿಡಿದವಳೆಂದು ಗುರುತಿಸುತ್ತದೆಯೋ, ಬಿಳಿ ತಲೆಯ ಯಾರೋ ಮುದುಕಿ ಎಂದುಕೊಂಡಿತೋ, ಒಂದೂ ತಿಳಿಯಲಿಲ್ಲ.

"ಆ ವರ್ಷ ಕೂಸು ಹುಟ್ಟಿತು," ಎಂದಳು. ನಾಲಿಗೆ ಸೇದಲಿಲ್ಲ. "ಹುಟ್ಟಿತು. ಆ ವರ್ಷ ಕೂಸು ಹೋಯಿತು. ಹೋ..."

ಎರಡನೆಯ ಸಲ ಹೇಳುವ ಮಾತು ಬಾಯಿಂದ ಹೊರಡಲಿಲ್ಲ. ಅದರ ಬದಲಿಗೆ, ಉದ್ದನೆಯ, ಕೊನೆಗೆ ಪ್ರಶ್ನೆಯಂತೆ ಮೇಲಕ್ಕೇರುವ ಒಂದು ಕೂಗು ಹೊರಟಿತು. ನೇರಳೆ ಕಿವಿ ನಿಮಿರಿಸಿತು. ಕತ್ತು ಚಾಚಿ, ಅವಳ ಎಣ್ಣೆ ಮೆತ್ತಿದ ನೆತ್ತಿಯನ್ನು ಒಮ್ಮೆ ನೆಕ್ಕಿತು. ಆಮೇಲೆ ಅದೂ ಕೂಗಿತು.

ಹಾಲು ತರಲು ಚೊಂಬು ಹಿಡಿದು ಬಂದವರು ಬಾಗಿಲಲ್ಲೇ ನಿಂತರು. ಒಳಗಿನಿಂದ ಎರಡು ದನಿ ಬರುತ್ತಿದ್ದವು, ಒಂದು ನಿಂತಲ್ಲಿ ಇನ್ನೊಂದು ಎತ್ತಿಕೊಳ್ಳುತ್ತಿತ್ತು. ಯಾವುದು ಎಮ್ಮೆಯದು, ಯಾವುದು ಹೆಂಗಸಿನದು ಎಂದು ಅವರಿಗೆ ತಿಳಿಯಲಿಲ್ಲ. ಅವರ ಹಿಂದೆ ಬೀದಿಯಲ್ಲಿ, ಕುಣಿಯುತ್ತಿದ್ದ ಒಂದು ತಾಯಿ ಆಡು ಸುಮ್ಮನೆ ನಿಂತು, ಹಿಂದೆ ಕುಂಟುತ್ತ ಬರುತ್ತಿದ್ದ ಮುದಿ ಮಗಳ ಕಡೆಗೆ ತಿರುಗಿ ನೋಡಿತು.